ಸ್ಟೇಕ್ ಚೀಸ್ ಸ್ಯಾಂಡ್‌ವಿಚ್ ಮನೆಯಲ್ಲಿ ಮಾಡಿದರೆ ರಬ್ಬರ್ ಆಗೋದ್ಯಾಕೆ?

ಪ್ರಶ್ನೆ: ಬಿಸಿ ಬಿಸಿ ಸ್ಟೇಕ್ ಚೀಸ್ ಸ್ಯಾಂಡ್‌ವಿಚ್ ಮನೆಯಲ್ಲೇ ಮಾಡೋಣ ಅಂತ ಎರಡು ಸಲ ಪ್ರಯತ್ನಪಟ್ಟೆ. ಎರಡು ಸಲವೂ ಮಾಂಸ ನೀರು ಬಿಟ್ಟುಕೊಂಡು ರಬ್ಬರ್ ಆಯಿತು, ಬ್ರೆಡ್ ನೆನೆದು ಮುದ್ದೆಯಾಯಿತು. ಬೆಂಗಳೂರಿನ ಶಿವಾಜಿನಗರದಿಂದ ಮಾಂಸ ತಂದು, ಅಮೆರಿಕದವರ ವಿಡಿಯೊ ನೋಡಿ ಹಾಗೇ ಮಾಡಿದ್ದೆ. ಎಲ್ಲಿ ತಪ್ಪಿದೆ?

ಉತ್ತರ: ವಿಡಿಯೊದಲ್ಲಿರುವ ಮಾಂಸ ಬೇರೆ, ನಿಮಗೆ ಶಿವಾಜಿನಗರದಲ್ಲಿ ಸಿಕ್ಕ ಮಾಂಸ ಬೇರೆ. ಅರ್ಧ ತೊಂದರೆ ಅಲ್ಲೇ ಇದೆ.

ಈ ಸ್ಯಾಂಡ್‌ವಿಚ್ ಹುಟ್ಟಿದ್ದು ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ. 1930ರ ಸುಮಾರಿಗೆ ಅಲ್ಲಿ ಹಾಟ್‌ಡಾಗ್ ಮಾರುತ್ತಿದ್ದ ಪ್ಯಾಟ್ ಮತ್ತು ಹ್ಯಾರಿ ಒಲಿವಿಯೇರಿ ಎಂಬ ಅಣ್ಣತಮ್ಮಂದಿರು ಮಾಂಸವನ್ನು ತೆಳ್ಳಗೆ ಹೆಚ್ಚಿ, ಈರುಳ್ಳಿ ಜೊತೆ ಹುರಿದು, ಉದ್ದನೆಯ ರೋಲ್ ಒಳಗೆ ತುಂಬಿ ಕೊಟ್ಟರು. ಆಗ ಚೀಸ್ ಇರಲಿಲ್ಲ, ಅದು ಸೇರಿದ್ದು ಆಮೇಲೆ. ಅಲ್ಲಿ ಇದಕ್ಕೆ ಹಾಕುವುದು ರಿಬ್‌ಐ ಅನ್ನುವ ಪಕ್ಕೆಯ ಭಾಗ. ಎಳೇ ದನ, ಕಾಳು ತಿಂದು ಬೆಳೆದದ್ದು. ಕೊಬ್ಬು ಮಾಂಸದ ಒಳಗೇ ಎಳೆ ಎಳೆಯಾಗಿ ಹರಡಿರುತ್ತದೆ. ಅಂಥದ್ದನ್ನು ಹೇಗೆ ಹುರಿದರೂ ಮೆತ್ತಗೇ ಇರುತ್ತದೆ.

ನಮ್ಮ ಕರ್ನಾಟಕದಲ್ಲಿ 2021ರಿಂದ ಜಾರಿಯಲ್ಲಿರುವ ಕಾಯ್ದೆ ಪ್ರಕಾರ ಕಡಿಯಲು ಅವಕಾಶ ಇರುವುದು 13 ವರ್ಷ ದಾಟಿದ ಎಮ್ಮೆ ಕೋಣಗಳನ್ನು ಮಾತ್ರ. ಅಂದರೆ ಬೆಂಗಳೂರಿನಲ್ಲಿ ಬೀಫ್ ಅಂತ ಕೊಳ್ಳುವುದು ವಯಸ್ಸಾದ ಎಮ್ಮೆಯ ಮಾಂಸ. ಒಳಗೆ ಕೊಬ್ಬು ಕಡಿಮೆ, ನಾರು ಜಾಸ್ತಿ. ಕುಕ್ಕರ್‌ನಲ್ಲಿ ಆರು ಸೀಟಿ ಹಾಕಿಸಿ ಪೆಪ್ಪರ್ ಫ್ರೈ ಮಾಡಿದರೆ ಇದರಷ್ಟು ರುಚಿ ಬೇರೆ ಇಲ್ಲ. ಆದರೆ ಸ್ಯಾಂಡ್‌ವಿಚ್ ಮಾಂಸ ಕಾವಲಿ ಮೇಲೆ ಇರುವುದು ಎರಡೇ ನಿಮಿಷ. ಅಷ್ಟರಲ್ಲಿ ಆ ನಾರು ಕರಗುವುದಿಲ್ಲ, ಬಿಗಿಯುತ್ತದೆ.

ಹಾಗಾಗಿ ಅಂಗಡಿಯಲ್ಲಿ ಸುಮ್ನೆ ‘ಬೋನ್‌ಲೆಸ್’ ಅನ್ನಬೇಡಿ, ‘ಅಂಡರ್‌ಕಟ್’ ಅಂತಲೇ ಕೇಳಿ. ಬೆನ್ನೆಲುಬಿನ ಕೆಳಗಿನ ಉದ್ದನೆಯ ತುಂಡು ಅದು. ಬದುಕಿದ್ದಾಗ ಜಾಸ್ತಿ ದುಡಿಯದ ಭಾಗ, ಅದಕ್ಕೇ ಮೆತ್ತಗೆ. ಒಂದು ಪ್ರಾಣಿಯಲ್ಲಿ ಇರುವುದೇ ಎರಡು ಪಟ್ಟಿ, ಹೋಟೆಲಿನವರು ಮೊದಲೇ ಹೇಳಿಟ್ಟಿರುತ್ತಾರೆ. ನಾನು ಹನ್ನೊಂದು ಗಂಟೆಗೆ ಹೋಗಿ ಕೇಳಿದಾಗ ಅಂಗಡಿಯ ಭಾಯ್ ನಕ್ಕರು. ‘ಏಳು ಗಂಟೆಗೆ ಬನ್ನಿ ಮೇಡಂ, ಇಲ್ಲಾಂದ್ರೆ ಹಿಂದಿನ ದಿನ ಫೋನ್ ಮಾಡಿ.’ ಬೀಫ್ ತಿನ್ನದವರು ಮಟನ್ ತೊಡೆಯ ಬೋನ್‌ಲೆಸ್ ತೆಗೆದುಕೊಳ್ಳಬಹುದು, ಕೋಳಿಯಾದರೆ ಎದೆ ಬೇಡ, ತೊಡೆ ಇರಲಿ. ವಿಧಾನ ಅದೇ. ಕೋಳಿ ಮಾತ್ರ ಒಳಗೆ ಗುಲಾಬಿ ಬಣ್ಣ ಉಳಿಯದಂತೆ ಪೂರ್ತಿ ಬೇಯಬೇಕು.

ಇಬ್ಬರಿಗೆ 300 ಗ್ರಾಂ ಸಾಕು. ಮುಕ್ಕಾಲು ಗಂಟೆ ಫ್ರೀಜರ್‌ನಲ್ಲಿಡಿ. ಕಲ್ಲಾಗಬಾರದು, ಬೆರಳಲ್ಲಿ ಒತ್ತಿದರೆ ಗಟ್ಟಿ ಬೆಣ್ಣೆಯ ಹಾಗಿರಬೇಕು. ಈಗ ಬೆಳಕಿಗೆ ಹಿಡಿದು ನೋಡಿ, ಮಾಂಸದ ಎಳೆ ಒಂದೇ ದಿಕ್ಕಿಗೆ ಓಡುವುದು ಕಾಣುತ್ತದೆ. ಚಾಕು ಆ ಎಳೆಗೆ ಅಡ್ಡಡ್ಡ ಹೋಗಬೇಕು. ಎಳೆಯ ಉದ್ದಕ್ಕೆ ಕೊಯ್ದರೆ ಬಾಯಲ್ಲಿ ಹುರಿ ಜಗಿದಂತಿರುತ್ತದೆ. ಅಡ್ಡ ಕೊಯ್ದರೆ ಪ್ರತಿ ಎಳೆಯೂ ತುಂಡು ತುಂಡಾಗಿ, ಹಲ್ಲಿಗೆ ಅರ್ಧ ಕೆಲಸ ಉಳಿಯುತ್ತದೆ. ಹೀರೇಕಾಯಿ ಸಿಪ್ಪೆಯಷ್ಟು ತೆಳ್ಳಗಿದ್ದರೆ ಚೆನ್ನ.

ಅಂಡರ್‌ಕಟ್ ಸಿಗಲಿಲ್ಲವೇ? ಅಡುಗೆ ಸೋಡಾ ಇದೆಯಲ್ಲ. ಕಾಲು ಚಮಚ ಸೋಡಾ, ಒಂದು ದೊಡ್ಡ ಚಮಚ ನೀರು ಸೇರಿಸಿ ಹೆಚ್ಚಿದ ಮಾಂಸಕ್ಕೆ ಸವರಿ, 20 ನಿಮಿಷ ಬಿಟ್ಟು ಚೆನ್ನಾಗಿ ತೊಳೆದು ಬಟ್ಟೆಯಲ್ಲಿ ಒತ್ತಿ ಒಣಗಿಸಿ. ಸೋಡಾದ ಕ್ಷಾರಕ್ಕೆ ಮಾಂಸದ ಪ್ರೋಟೀನ್ ಬಿಗಿಯಾಗಿ ಹೆಣೆದುಕೊಳ್ಳುವುದು ಕಡಿಮೆಯಾಗುತ್ತದೆ. ಚೈನೀಸ್ ಅಡುಗೆಯವರ ಹಳೇ ಉಪಾಯ ಇದು. ತೊಳೆಯದಿದ್ದರೆ ಸೋಪಿನ ರುಚಿ ಬರುತ್ತದೆ, ನೆನಪಿರಲಿ. ಪಪ್ಪಾಯಿ ಹಾಲೂ ಮೆತ್ತಗೆ ಮಾಡುತ್ತದೆ, ಆದರೆ ಇಷ್ಟು ತೆಳ್ಳಗಿನ ಮಾಂಸಕ್ಕೆ ಸ್ವಲ್ಪ ಹೆಚ್ಚಾದರೂ ಹಿಟ್ಟಾಗಿಬಿಡುತ್ತದೆ. ನಾನಂತೂ ಹಾಕುವುದಿಲ್ಲ.

ಇನ್ನು ನೀರಿನ ವಿಷಯ. ಮೊದಲ ಸಲ ನಾನೂ ಅರ್ಧ ಕೆಜಿಯನ್ನು ಒಟ್ಟಿಗೇ ನಾನ್‌ಸ್ಟಿಕ್ ಪಾತ್ರೆಗೆ ಸುರಿದಿದ್ದೆ. ಚರ್ ಅನ್ನುವ ಸದ್ದು ಅರ್ಧ ನಿಮಿಷಕ್ಕೇ ನಿಂತು, ಬೂದು ಬಣ್ಣದ ನೀರಲ್ಲಿ ಮಾಂಸ ಗುಳುಗುಳು ಕುದಿಯತೊಡಗಿತು. ಪಾತ್ರೆಯಲ್ಲಿ ನೀರು ಇರುವವರೆಗೆ ಕಾವು 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಮಾಂಸ ಕಂದು ಬಣ್ಣಕ್ಕೆ ತಿರುಗಿ ಆ ಘಮ ಬರಬೇಕಾದರೆ ಸುಮಾರು 140 ಡಿಗ್ರಿ ದಾಟಬೇಕು. ನೀರೆಲ್ಲ ಆರುವ ಹೊತ್ತಿಗೆ ರಬ್ಬರ್ ತಯಾರಾಗಿರುತ್ತದೆ.

ಕಬ್ಬಿಣದ ಕಾವಲಿ ಇಡಿ. ಮೊದಲು ಎರಡು ಈರುಳ್ಳಿಯನ್ನು ಸಣ್ಣ ಉರಿಯಲ್ಲಿ ಕಾಲು ಗಂಟೆ ಹುರಿದು ಎತ್ತಿಡಿ, ಕ್ಯಾಪ್ಸಿಕಂ ನಿಮ್ಮಿಷ್ಟ. ಆಮೇಲೆ ಉರಿ ಪೂರ್ತಿ ಮಾಡಿ. ನೀರು ಚಿಮುಕಿಸಿದರೆ ಹನಿಗಳು ಮುತ್ತಿನ ಹಾಗೆ ಓಡಾಡಬೇಕು. ಎಣ್ಣೆ ಸವರಿ, ಅರ್ಧ ಮಾಂಸ ಮಾತ್ರ ಹರಡಿ, ಒಂದು ನಿಮಿಷ ಮುಟ್ಟಬೇಡಿ. ಮಗುಚಿ, ಉಪ್ಪು, ಕಾಳುಮೆಣಸಿನ ಪುಡಿ ಉದುರಿಸಿ, ಇನ್ನೊಂದು ನಿಮಿಷಕ್ಕೆ ತೆಗೆಯಿರಿ. ಉಳಿದರ್ಧ ಆಮೇಲೆ. ಹೊಗೆ ಬರುತ್ತದೆ, ಅಡುಗೆಮನೆ ಕಿಟಕಿ ಮೊದಲೇ ತೆಗೆದಿಡಿ.

ಚೀಸ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಫಿಲಡೆಲ್ಫಿಯಾದಲ್ಲೇ ಎಷ್ಟೋ ಜನ ಡಬ್ಬಿಯ ಪ್ರೊಸೆಸ್ಡ್ ಚೀಸನ್ನೇ ಕೇಳಿ ಹಾಕಿಸಿಕೊಳ್ಳುತ್ತಾರೆ. ಅಮುಲ್ ಸ್ಲೈಸ್‌ನಲ್ಲಿ ಎಣ್ಣೆ, ನೀರು ಬೇರೆಯಾಗದಂತೆ ಹಿಡಿದಿಡುವ ಲವಣ ಇರುತ್ತದೆ, ಆದ್ದರಿಂದ ಒಡೆಯದೆ ನಯವಾಗಿ ಕರಗುತ್ತದೆ. ಮೊಝರೆಲ್ಲಾ ದಾರ ಎಳೆಯುತ್ತದೆ ಅಷ್ಟೇ, ರುಚಿ ಸಪ್ಪೆ. ಮಾಂಸ, ಈರುಳ್ಳಿ ಎಲ್ಲ ಕಾವಲಿಯಲ್ಲೇ ಗುಡ್ಡೆ ಮಾಡಿ, ಒಬ್ಬರಿಗೆ ಎರಡು ಸ್ಲೈಸ್ ಹೊದಿಸಿ, ಉರಿ ತಗ್ಗಿಸಿ ಅರ್ಧ ನಿಮಿಷ ಮುಚ್ಚಿಡಿ.

ಬ್ರೆಡ್ಡಿಗೆ ಅಯ್ಯಂಗಾರ್ ಬೇಕರಿಯ ಬನ್ ಬೇಡ. ಕಾಫಿಗೆ ಅದೇ ಬೇಕು ನಿಜ, ಆದರೆ ಸಿಹಿ, ಮೇಲಾಗಿ ರಸ ಬಿದ್ದರೆ ಹಿಂಡಿದ ಸ್ಪಾಂಜಿನಂತಾಗುತ್ತದೆ. ಹಾಟ್‌ಡಾಗ್ ರೋಲ್ ಅಥವಾ ಪಾವ್ ತನ್ನಿ. ಪೂರ್ತಿ ಸೀಳದೆ ಪುಸ್ತಕದಂತೆ ತೆರೆದು, ಒಳಗೆ ಬೆಣ್ಣೆ ಸವರಿ, ಮಾಂಸಕ್ಕಿಂತ ಮೊದಲೇ ಕಾವಲಿಯಲ್ಲಿ ಕಂದು ಮಾಡಿ. ಆ ಬೆಣ್ಣೆ, ಆ ಗರಿ ಎರಡೂ ರಸಕ್ಕೆ ಅಡ್ಡ ನಿಲ್ಲುತ್ತವೆ. ತುಂಬಿದ ಮೇಲೆ ಬಟರ್ ಪೇಪರ್‌ನಲ್ಲಿ ಸುತ್ತಿ ಒಂದು ನಿಮಿಷ ಬಿಟ್ಟು ತಿನ್ನಿ.

ಒಂದು ಮಾತು ಬಿಟ್ಟೆ. ದೋಸೆ ಕಾವಲಿಯಲ್ಲಿ ಇದನ್ನು ಮಾಡಬೇಡಿ. ನಾನು ಮಾಡಿದ ಮರುದಿನ ಬೆಳಿಗ್ಗೆ ಅತ್ತೆ ಮೊದಲ ದೋಸೆ ಹುಯ್ದು, ಎತ್ತಿ, ಮೂಸಿ ನೋಡಿದರು. ಏನೂ ಅನ್ನಲಿಲ್ಲ. ಸಂಜೆ ಹೊಸ ಕಾವಲಿ ಮನೆಗೆ ಬಂದಿತ್ತು.