ಭಾನುವಾರದ ಕಾರಿಗೆ ಎಂಥ ಬ್ಯಾಟರಿ?

ಭಾನುವಾರ ಬೆಳಗಿನ ಜಾವ ನಾಲ್ಕೂವರೆಗೂ ಐದೂವರೆಗೂ ನಡುವೆ ನನ್ನ ಫೋನಿಗೆ ಬರುವ ಕರೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ನಂದಿ ಬೆಟ್ಟಕ್ಕೆ ಹೊರಟ ಗೆಳೆಯರ ಗುಂಪು ಹೆಬ್ಬಾಳದ ಹತ್ತಿರ ಕಾಯುತ್ತಿರುತ್ತದೆ. ಒಂದು ಕಾರು ಮಾತ್ರ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ, ಸ್ಟಾರ್ಟ್ ಬಟನ್ ಒತ್ತಿದಾಗಲೆಲ್ಲ ಕಟಕಟ ಎಂದು ಸದ್ದು ಮಾಡಿ ಸುಮ್ಮನಾಗುತ್ತಿರುತ್ತದೆ. ಜಂಪ್ ಕೊಟ್ಟು ಕಾರನ್ನು ಎಬ್ಬಿಸಿದ ಮೇಲೆ ಮಾಲೀಕರು ಕೇಳುವ ಮೊದಲ ಪ್ರಶ್ನೆಯೂ ಒಂದೇ: “ಇದಕ್ಕಿಂತ ಪವರ್‌ಫುಲ್ ಬ್ಯಾಟರಿ ಯಾವುದಿದೆ ಸರ್?”

ಬೆಂಗಳೂರಿನಲ್ಲಿ ಇಪ್ಪತ್ತು ವರ್ಷಗಳಿಂದ ಕಾರುಗಳ ವಿದ್ಯುತ್ ಕೆಲಸ ಮಾಡಿಕೊಂಡು ಬಂದಿರುವ ನನಗೆ ಈ ಪ್ರಶ್ನೆಯೇ ದಾರಿ ತಪ್ಪಿಸುವಂಥದ್ದು ಎನ್ನಿಸುತ್ತದೆ. ವೇಗದ ಕಾರಿನಲ್ಲಿ ಬ್ಯಾಟರಿಗೆ ನಿಜವಾಗಿ ಕಷ್ಟವಾಗುವುದು ಎಂಜಿನ್ ಸ್ಟಾರ್ಟ್ ಮಾಡುವ ಆ ಒಂದು ಕ್ಷಣದಲ್ಲಲ್ಲ, ಕಾರು ಅಲುಗಾಡದೆ ನಿಂತಿರುವ ವಾರದ ಉಳಿದ ಆರು ದಿನಗಳಲ್ಲಿ. ಹೊಸ ಬ್ಯಾಟರಿಯನ್ನು ಆರಿಸುವಾಗ ಆ ಆರು ದಿನಗಳನ್ನೂ ಕಾರಿನ ಚಾರ್ಜಿಂಗ್ ವ್ಯವಸ್ಥೆಯನ್ನೂ ಮೊದಲು ನೋಡಬೇಕು. ಲೇಬಲ್ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುವ ಅಂಕಿಯನ್ನು ಆಮೇಲೆ ನೋಡಿದರೂ ನಡೆಯುತ್ತದೆ.

ಆ ಅಂಕಿ ಸಿಸಿಎ, ಅಂದರೆ ಕೋಲ್ಡ್ ಕ್ರ್ಯಾಂಕಿಂಗ್ ಆಂಪ್ಸ್. ಬ್ಯಾಟರಿಯನ್ನು ಮೈನಸ್ 18 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಿ, ಅದು ಎಷ್ಟು ಆಂಪಿಯರ್ ಕೊಡಬಲ್ಲದು ಎಂದು ಅಳೆದು ಬರೆಯುವ ಸಂಖ್ಯೆ ಇದು. ಯೂರೋಪಿನ ಇಎನ್ ಮಾನಕದಲ್ಲಿ ಹತ್ತು ಸೆಕೆಂಡಿನ ಹೊತ್ತಿಗೆ ವೋಲ್ಟೇಜ್ 7.5ಕ್ಕಿಂತ ಕೆಳಗಿಳಿಯಬಾರದು, ಅಮೆರಿಕದ ಎಸ್‌ಎಇ ಮಾನಕದಲ್ಲಿ ಮೂವತ್ತು ಸೆಕೆಂಡಿನವರೆಗೆ 7.2 ವೋಲ್ಟ್ ಉಳಿಯಬೇಕು. ಹಾಗಾಗಿ ಒಂದೇ ಬ್ಯಾಟರಿಗೆ ಎರಡು ಮಾನಕಗಳಲ್ಲಿ ಎರಡು ಸಂಖ್ಯೆಗಳು ಬರುತ್ತವೆ, ಮತ್ತು ಯಾವ ಮಾನಕವೆಂದು ನೋಡದೆ ಎರಡು ಡಬ್ಬಗಳ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವುದರಲ್ಲಿ ಅರ್ಥವಿಲ್ಲ. ಲಡಾಖಿಗೆ ಡ್ರೈವ್ ಹೋಗುವವರಿಗೆ ಈ ಸಂಖ್ಯೆ ಮುಖ್ಯವೆಂದು ಒಪ್ಪುತ್ತೇನೆ. ಜನವರಿಯ ಬೆಳಗಿನಲ್ಲೂ 15 ಡಿಗ್ರಿಯ ಆಸುಪಾಸಿನಲ್ಲಿರುವ ಬೆಂಗಳೂರಿನಲ್ಲಿ, ಕಾರು ತಯಾರಕರು ಕೇಳಿದ ಮಟ್ಟಕ್ಕಿಂತ ನೂರು ಆಂಪಿಯರ್ ಹೆಚ್ಚಿದ್ದರೆ ನಷ್ಟವಿಲ್ಲ, ದೊಡ್ಡ ಲಾಭವೂ ಇಲ್ಲ.

ನಮ್ಮಲ್ಲಿ ಬ್ಯಾಟರಿಯನ್ನು ಕೊಲ್ಲುವುದು ಶಾಖ. ಸೀಸ ಮತ್ತು ಗಂಧಕಾಮ್ಲದ ಬ್ಯಾಟರಿ ಸದಾ ಇರುವ ಉಷ್ಣತೆ ಸುಮಾರು 10 ಡಿಗ್ರಿ ಏರಿದರೆ ಅದರ ಆಯಸ್ಸು ಅರ್ಧಕ್ಕೆ ಇಳಿಯುತ್ತದೆ ಎಂಬುದು ಈ ಕಸುಬಿನಲ್ಲಿ ಎಲ್ಲರೂ ಬಳಸುವ ಅಂದಾಜು ಲೆಕ್ಕ. ಕಲಬುರಗಿಯಲ್ಲೋ ರಾಯಚೂರಿನಲ್ಲೋ ಮೇ ತಿಂಗಳ ಮಧ್ಯಾಹ್ನ ಟರ್ಬೊ ಎಂಜಿನ್ನಿನ ಕಾರನ್ನು ಓಡಿಸಿ ನಿಲ್ಲಿಸಿದ ಮೇಲೆ ಬಾನೆಟ್ ಅಡಿಯಲ್ಲಿ ಏನಾಗುತ್ತಿರುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಬಿಎಂಡಬ್ಲ್ಯೂ ಕಂಪನಿಯ ಅನೇಕ ಮಾದರಿಗಳಲ್ಲಿ ಮತ್ತು ಮಿತ್ಸುಬಿಷಿ ಲ್ಯಾನ್ಸರ್ ಎವಲ್ಯೂಶನ್ 10ರಲ್ಲಿ ಬ್ಯಾಟರಿಯನ್ನು ಡಿಕ್ಕಿಯಲ್ಲಿ ಇಟ್ಟಿದ್ದಾರೆ. ಮುಂದಿನ ಚಕ್ರಗಳ ಮೇಲಿನ ಭಾರ ಕಡಿಮೆ ಮಾಡುವುದು ಅದರ ಒಂದು ಉದ್ದೇಶವಾದರೆ, ಎಂಜಿನ್ನಿನ ಬಿಸಿಯಿಂದ ಬ್ಯಾಟರಿ ದೂರ ಉಳಿಯುವುದು ಜೊತೆಗೆ ಸಿಗುವ ಲಾಭ. ಬ್ಯಾಟರಿ ಬಾನೆಟ್ ಅಡಿಯಲ್ಲಿರುವ ಕಾರುಗಳಲ್ಲಿ ಅದರ ಸುತ್ತ ಬಟ್ಟೆಯದೋ ಪ್ಲಾಸ್ಟಿಕ್ಕಿನದೋ ಒಂದು ಕವಚ ಇರುತ್ತದೆ. ಬ್ಯಾಟರಿ ಬದಲಿಸುವಾಗ ಅದನ್ನು ಕಿತ್ತು ಮೂಲೆಗೆ ಎಸೆಯುವ ಹುಡುಗರನ್ನು ನಾನು ಎಷ್ಟು ಬೈದಿದ್ದೇನೋ ಲೆಕ್ಕವಿಲ್ಲ.

ಇನ್ನು ನಿಂತ ಕಾರಿನ ಲೆಕ್ಕಕ್ಕೆ ಬರೋಣ. ಬೀಗ ಹಾಕಿ ನಿಲ್ಲಿಸಿದ ಕಾರು ಅಲಾರಂ, ಕೀ ಗುರುತಿಸುವ ರಿಸೀವರ್, ಕಾರಿನ ಪುಟ್ಟ ಕಂಪ್ಯೂಟರ್‌ಗಳಾದ ಹತ್ತಾರು ಕಂಟ್ರೋಲ್ ಯೂನಿಟ್‌ಗಳ ನೆನಪು ಇವುಗಳಿಗಾಗಿ ಹೊತ್ತುಹೊತ್ತಿಗೂ ಸ್ವಲ್ಪ ಕರೆಂಟ್ ಎಳೆಯುತ್ತಲೇ ಇರುತ್ತದೆ. ಆರೋಗ್ಯವಾಗಿರುವ ಕಾರಿನಲ್ಲಿ ಅದು 20ರಿಂದ 50 ಮಿಲಿ ಆಂಪಿಯರ್. ಐವತ್ತೇ ಎಂದಿಟ್ಟುಕೊಂಡರೂ ದಿನಕ್ಕೆ 1.2 ಆಂಪಿಯರ್ ಅವರ್ (ಒಂದು ಆಂಪಿಯರ್ ಕರೆಂಟ್ ಒಂದು ಗಂಟೆ ಹರಿದರೆ ಒಂದು ಆಂಪಿಯರ್ ಅವರ್) ಖರ್ಚಾಗುತ್ತದೆ; 70 ಆಂಪಿಯರ್ ಅವರ್‌ನ ತುಂಬಿದ ಬ್ಯಾಟರಿ ಅರ್ಧಕ್ಕೆ ಇಳಿಯಲು 29 ದಿನ ಬೇಕು. ಈಗ ಇದಕ್ಕೆ, ಪಾರ್ಕಿಂಗ್‌ನಲ್ಲೂ ರೆಕಾರ್ಡ್ ಮಾಡುವ ಒಂದು ಡ್ಯಾಶ್‌ಕ್ಯಾಮ್ ಸೇರಿಸಿ. ಅದು 250 ಮಿಲಿ ಆಂಪಿಯರ್ ಎಳೆದರೂ ದಿನಕ್ಕೆ ಇನ್ನೂ 6 ಆಂಪಿಯರ್ ಅವರ್ ಹೋಯಿತು. ಒಟ್ಟು 7.2, ಆ 29 ದಿನ ಐದು ದಿನಕ್ಕೆ ಬಂದು ನಿಲ್ಲುತ್ತದೆ. ಭಾನುವಾರ ಮಧ್ಯಾಹ್ನ ಬಂದು ನಿಂತ ಕಾರಿನ ಬ್ಯಾಟರಿ ಶುಕ್ರವಾರದ ಹೊತ್ತಿಗೆ ಅರ್ಧ ಖಾಲಿ. ಅದೂ ಬ್ಯಾಟರಿ ಹೊಸದಾಗಿ, ಪೂರ್ತಿ ತುಂಬಿ ಮನೆಗೆ ಬಂದಿದ್ದರೆ.

ಪೂರ್ತಿ ತುಂಬಿ ಬಂದಿರುವುದೂ ಅಪರೂಪವೇ. ಎಂಜಿನ್ ಓಡುವಾಗ ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರನ್ನು ಈಚಿನ ಕಾರುಗಳಲ್ಲಿ ಕಂಪ್ಯೂಟರ್ ನಡೆಸುತ್ತದೆ. ಬ್ರೇಕ್ ಹಾಕಿದಾಗ ಸಿಗುವ ಶಕ್ತಿಯನ್ನು ತುಂಬಿಕೊಳ್ಳಲು ಜಾಗ ಇರಲಿ ಎಂದು ಅದು ಬ್ಯಾಟರಿಯನ್ನು ಬೇಕೆಂದೇ ಎಂಬತ್ತು ಪ್ರತಿಶತದ ಆಸುಪಾಸಿನಲ್ಲಿ ಇಟ್ಟಿರುತ್ತದೆ. ದಿನವೂ ಓಡುವ ಕಾರಿಗೆ ಇದರಿಂದ ತೊಂದರೆಯಿಲ್ಲ. ವಾರಕ್ಕೊಮ್ಮೆ ಓಡುವ ಕಾರಿನಲ್ಲಿ ಮಾತ್ರ ಅರೆ ತುಂಬಿದ ಬ್ಯಾಟರಿಯ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗುತ್ತ ಹೋಗಿ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಅದು ಪೂರ್ತಿಯಾಗಿ ಕರಗುವುದಿಲ್ಲ.

ಇಂಥ ಬಳಕೆಗೆ ತಾಳುವುದು ಎಜಿಎಂ ಬ್ಯಾಟರಿ. ಮಾಮೂಲಿ ಬ್ಯಾಟರಿಯಲ್ಲಿ ಆಮ್ಲ ದ್ರವರೂಪದಲ್ಲಿ ಓಲಾಡುತ್ತಿದ್ದರೆ, ಇದರಲ್ಲಿ ಗಾಜಿನ ನಾರಿನ ಹಾಸು ಅದನ್ನು ಹೀರಿ ಹಿಡಿದುಕೊಂಡಿರುತ್ತದೆ. ಫಲಕಗಳು ಒತ್ತಾಗಿ ಕೂತಿರುವುದರಿಂದ ಅದುರುವಿಕೆಗೆ ಜಗ್ಗುವುದಿಲ್ಲ; ಮತ್ತೆ ಮತ್ತೆ ಖಾಲಿಯಾಗಿ ತುಂಬುವುದನ್ನೂ ಹೆಚ್ಚು ಕಾಲ ಸಹಿಸುತ್ತದೆ. ಮಾಮೂಲಿಗೂ ಇದಕ್ಕೂ ನಡುವಿನ ಮೆಟ್ಟಿಲು, ಅಂದರೆ ಮಾಮೂಲಿ ದ್ರವದ ಬ್ಯಾಟರಿಯ ಸುಧಾರಿತ ರೂಪ, ಇಎಫ್‌ಬಿ. ನನ್ನ ನಿಯಮ ಸರಳವಾದದ್ದು: ಕಾರಿನಲ್ಲಿ ಮೊದಲು ಎಜಿಎಂ ಇದ್ದರೆ ಅದರ ಜಾಗಕ್ಕೆ ಎಜಿಎಂ ಮಾತ್ರ. ಇಎಫ್‌ಬಿ ಇದ್ದ ಜಾಗಕ್ಕೆ ಎಜಿಎಂ ಹಾಕುವ ಆಸೆಯಿದ್ದರೆ, ಬ್ಯಾಟರಿ ಎಲ್ಲಿದೆ ಎಂದು ಮೊದಲು ನೋಡುತ್ತೇನೆ. ಎಂಜಿನ್ ಪಕ್ಕದ ಬಿಸಿಯಲ್ಲಿ ಎಜಿಎಂ ಒಣಗಿ ಹೋದರೆ ನೀರು ಹಾಕಿ ಉಳಿಸಿಕೊಳ್ಳಲು ಆಗುವುದಿಲ್ಲ.

ಅಳತೆಯ ವಿಷಯದಲ್ಲಿ ಚೌಕಾಸಿಗೆ ಎಡೆಯಿಲ್ಲ. ಯೂರೋಪಿನ ಕಾರುಗಳ ಬ್ಯಾಟರಿಗಳ ಅಗಲ ಸಾಮಾನ್ಯವಾಗಿ 175 ಮಿಲಿಮೀಟರ್, ಎತ್ತರ ಹೆಚ್ಚಾಗಿ 190. ಉದ್ದ ಮಾತ್ರ ಬದಲಾಗುತ್ತದೆ. ಎಲ್‌ಎನ್2 ಎಂಬ ಅಳತೆಯದು 242, ಎಲ್‌ಎನ್3 ಎನ್ನುವುದು 278, ಎಲ್‌ಎನ್4 ಆದರೆ 315, ಎಲ್‌ಎನ್5 ಆದರೆ 353 ಮಿಲಿಮೀಟರ್ ಉದ್ದ. ಎಜಿಎಂನಲ್ಲಿ ಇವು ಅನುಕ್ರಮವಾಗಿ ಸುಮಾರು 60, 70, 80 ಮತ್ತು 95 ಆಂಪಿಯರ್ ಅವರ್‌ಗೆ ಸಿಗುತ್ತವೆ. ಇವುಗಳ ಬುಡದಲ್ಲಿರುವ ಅಂಚನ್ನು ಕ್ಲ್ಯಾಂಪ್ ಕಚ್ಚಿ ಹಿಡಿಯಬೇಕು. ಜಪಾನಿನ ಮಾದರಿಯ ಬ್ಯಾಟರಿಗಳಲ್ಲಿ ಆ ಅಂಚು ಬಹುಮಟ್ಟಿಗೆ ಇರುವುದಿಲ್ಲ; ಕೆಲವು ಚಿಕ್ಕ ಮಾದರಿಗಳ ಟರ್ಮಿನಲ್ ಕಂಬಗಳೂ ತೆಳು. ಅಂಥದನ್ನು ತಂದು, ಕಂಬಕ್ಕೆ ತಗಡು ಸುತ್ತಿ, ಮೇಲಿಂದ ಒಂದು ಪಟ್ಟಿ ಬಿಗಿದು ಕೊಡುವವರಿದ್ದಾರೆ. ಇಪ್ಪತ್ತು ಕಿಲೋ ತೂಗುವ ಬ್ಯಾಟರಿ ಒಂದು ಜಿ ಬಲದ ತಿರುವಿನಲ್ಲಿ ಇಪ್ಪತ್ತು ಕಿಲೋ ಬಲದಿಂದಲೇ ಪಕ್ಕಕ್ಕೆ ನೂಕುತ್ತದೆ. ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕಿಗೆ ಹೋಗುವ ಕಾರಿನಲ್ಲಿ ಈ ನೂಕಾಟ ಒಂದೊಂದು ಸುತ್ತಿಗೂ ಹಲವು ಸಲ ನಡೆಯುತ್ತದೆ. ಧನ ಟರ್ಮಿನಲ್ ಬಾಡಿಗೆ ತಗುಲಿದರೆ ಏನಾಗುತ್ತದೆ ಎಂಬುದನ್ನು ಕಣ್ಣಾರೆ ಕಂಡವರು ಮತ್ತೆ ಪಟ್ಟಿಯ ಮಾತೆತ್ತುವುದಿಲ್ಲ.

ಕಳೆದ ವರ್ಷ ನನ್ನ ಬಳಿ ಬಂದ ಒಂದು ಜರ್ಮನ್ ಸೆಡಾನ್ ಈ ಎಲ್ಲ ತಪ್ಪುಗಳನ್ನೂ ಒಟ್ಟಿಗೆ ಹೊತ್ತು ತಂದಿತ್ತು. ಎಂಟು ತಿಂಗಳ ಹಿಂದೆ ಯಾವುದೋ ಅಂಗಡಿಯಲ್ಲಿ, ಎಜಿಎಂಗಿಂತ ಅಗ್ಗಕ್ಕೆ “ಹೆಚ್ಚು ಆಂಪಿಯರಿನ” ಮಾಮೂಲಿ ಬ್ಯಾಟರಿ ಹಾಕಿಸಿದ್ದರು. ಡಿಕ್ಕಿಯ ಕಾರ್ಪೆಟ್ ಎತ್ತಿದ ಕೂಡಲೇ ಕೊಳೆತ ಮೊಟ್ಟೆಯಂಥ ವಾಸನೆ ಮೂಗಿಗೆ ಬಡಿಯಿತು. ಚಾರ್ಜ್ ಅತಿಯಾಗುತ್ತಿದೆ ಎಂಬುದಕ್ಕೆ ಅದಕ್ಕಿಂತ ಬೇರೆ ಮೀಟರ್ ಬೇಡ. ಬ್ಯಾಟರಿಯಿಂದ ಹೊರಡುವ ಜಲಜನಕವನ್ನೂ ಆಮ್ಲದ ಆವಿಯನ್ನೂ ಕಾರಿನ ಹೊರಗೆ ಕಳಿಸಲೆಂದೇ ಇರುವ ಬೆರಳು ಗಾತ್ರದ ರಬ್ಬರ್ ನಳಿಕೆ ಎಲ್ಲಿಗೂ ಸಿಕ್ಕಿಸದೆ ಜೋತು ಬಿದ್ದಿತ್ತು, ಏಕೆಂದರೆ ಅದನ್ನು ಸಿಕ್ಕಿಸುವ ರಂಧ್ರವೇ ಆ ಬ್ಯಾಟರಿಗೆ ಇರಲಿಲ್ಲ. ಟ್ರೇಯ ಬಣ್ಣ ಹಪ್ಪಳದಂತೆ ಎದ್ದು ಬಂದಿತ್ತು, ಕ್ಲ್ಯಾಂಪಿನ ಬೋಲ್ಟ್ ತುಕ್ಕು ಹಿಡಿದು ಹತ್ತರ ಸ್ಪ್ಯಾನರಿಗಾಗಲಿ ಹದಿಮೂರರ ಸ್ಪ್ಯಾನರಿಗಾಗಲಿ ಸಿಗದಷ್ಟು ಸವೆದಿತ್ತು. ಕಾರಿನ ಕಂಪ್ಯೂಟರ್ ಮಾತ್ರ ಹಳೆಯ ಎಜಿಎಂ ಬ್ಯಾಟರಿಯೇ ಇನ್ನೂ ಇದೆಯೆಂದು ನಂಬಿ, ಅದಕ್ಕೆ ತಕ್ಕಂತೆ 14.8 ವೋಲ್ಟಿನವರೆಗೆ ಚಾರ್ಜ್ ಮಾಡುತ್ತ ಈ ಬ್ಯಾಟರಿಯ ನೀರನ್ನು ಕುದಿಸಿ ಹಾಕಿತ್ತು.

ಅಂಗಡಿಯವರು ಬಿಟ್ಟುಬಿಟ್ಟ ಕೆಲಸಕ್ಕೆ ಬ್ಯಾಟರಿ ರಿಜಿಸ್ಟರ್ ಮಾಡುವುದು ಎನ್ನುತ್ತಾರೆ. ಇಂಥ ಕಾರುಗಳ ಋಣ ಟರ್ಮಿನಲ್ ಮೇಲೆ ಕರೆಂಟ್, ವೋಲ್ಟೇಜ್ ಮತ್ತು ಉಷ್ಣತೆಯನ್ನು ಅಳೆಯುವ ಪುಟ್ಟ ಸೆನ್ಸರ್ ಇರುತ್ತದೆ. ಅದರ ಲೆಕ್ಕವನ್ನು ನಂಬಿ ಕಂಪ್ಯೂಟರ್ ಬ್ಯಾಟರಿಯ ವಯಸ್ಸನ್ನು ಅಂದಾಜು ಮಾಡುತ್ತದೆ. ಹೊಸ ಬ್ಯಾಟರಿ ಕೂರಿಸಿದಾಗ ಡಯಾಗ್ನಸ್ಟಿಕ್ ಉಪಕರಣದಿಂದ ಆ ಲೆಕ್ಕವನ್ನು ಸೊನ್ನೆಯಿಂದ ಶುರು ಮಾಡಿಸಬೇಕು. ಸಾಮರ್ಥ್ಯವೋ ಬಗೆಯೋ ಬದಲಾಗಿದ್ದರೆ ಅದನ್ನೂ ಕೋಡ್ ಮಾಡಬೇಕು. ಹತ್ತು ನಿಮಿಷದ ಕೆಲಸ. ಮನೆಯಲ್ಲಿ ಚಾರ್ಜರ್ ಹಾಕುವವರು ಸಹ ಇದೇ ಸೆನ್ಸರನ್ನು ನೆನಪಿಡಬೇಕು: ಕಪ್ಪು ಕ್ಲಿಪ್ಪನ್ನು ನೇರವಾಗಿ ಬ್ಯಾಟರಿಯ ಋಣ ಕಂಬಕ್ಕೆ ಕಚ್ಚಿಸಿದರೆ ಒಳಗೆ ಹೋದ ಕರೆಂಟ್ ಸೆನ್ಸರಿನ ಲೆಕ್ಕಕ್ಕೆ ಬರುವುದಿಲ್ಲ. ಕಾರಿನ ಬಾಡಿಯಲ್ಲಿ ಅದಕ್ಕಾಗಿಯೇ ಕೊಟ್ಟಿರುವ ಅರ್ತ್ ಬೋಲ್ಟಿಗೆ ಕಚ್ಚಿಸಬೇಕು.

ಲಿಥಿಯಂ ಬ್ಯಾಟರಿಯ ಬಗ್ಗೆ ಕೇಳದ ಗ್ರಾಹಕರು ಈಗ ಕಡಿಮೆ. ಇದು ಹೊಸ ಸಂಗತಿಯೇನಲ್ಲ. ಪೋರ್ಷೆ ಕಂಪನಿ 2009ರ ಕೊನೆಯಲ್ಲೇ 911 ಜಿಟಿ3, ಜಿಟಿ3 ಆರ್‌ಎಸ್ ಮತ್ತು ಬಾಕ್ಸ್‌ಟರ್ ಸ್ಪೈಡರ್ ಕಾರುಗಳಿಗೆ ಆರು ಕಿಲೋಗಿಂತ ಹಗುರವಾದ ಲಿಥಿಯಂ ಅಯಾನ್ ಸ್ಟಾರ್ಟರ್ ಬ್ಯಾಟರಿಯನ್ನು ಪ್ರಕಟಿಸಿತು. ಅದು 60 ಆಂಪಿಯರ್ ಅವರ್‌ನ ಸೀಸದ ಬ್ಯಾಟರಿಗಿಂತ ಹತ್ತು ಕಿಲೋಗೂ ಹೆಚ್ಚು ಹಗುರವಾಗಿತ್ತು. ಸಾಮರ್ಥ್ಯ 18 ಆಂಪಿಯರ್ ಅವರ್. ಚಳಿಗೆ ಅದು ಒಗ್ಗುವುದಿಲ್ಲವೆಂದು ಮಾಮೂಲಿ ಬ್ಯಾಟರಿಯೊಂದನ್ನೂ ಜೊತೆಗೇ ಕೊಡುತ್ತಿದ್ದರು ಎಂಬುದನ್ನು ಮಾರಾಟದ ಮಾತಿನ ಭರದಲ್ಲಿ ಯಾರೂ ಹೇಳುವುದಿಲ್ಲ. ನಮಗೆ ಚಳಿಯ ಚಿಂತೆಯಿಲ್ಲ, ಚಿಂತೆ ಬಿಸಿಯದು. ಅಂಗಡಿಯಲ್ಲಿ ಸಿಗುವ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗಳನ್ನು ಎಂಜಿನ್ ಪಕ್ಕದಲ್ಲಿ ಕೂರಿಸಲು ನಾನು ಒಪ್ಪುವುದಿಲ್ಲ. ಡಿಕ್ಕಿಯಲ್ಲಿ ಜಾಗವಿದ್ದು, ಕಾರಿನ ಚಾರ್ಜಿಂಗ್ ವೋಲ್ಟೇಜ್ ಆ ಬ್ಯಾಟರಿಯ ಮಿತಿಯೊಳಗಿದ್ದು, ಓಡಿಸದ ದಿನಗಳಲ್ಲಿ ಚಾರ್ಜರಿಗೆ ಹಾಕಿಡುವ ಅನುಕೂಲವಿರುವ ಟ್ರ್ಯಾಕ್ ಕಾರಾದರೆ ಆಗಬಹುದು. ಉಳಿದವರಿಗೆ ನಾನು ಹೇಳುವುದು, ಹದಿನಾಲ್ಕು ಲೀಟರ್ ಪೆಟ್ರೋಲ್ ಕಡಿಮೆ ಹಾಕಿಸಿಕೊಂಡರೂ ಹತ್ತು ಕಿಲೋ ಇಳಿಯುತ್ತದೆ, ದುಡ್ಡೂ ಉಳಿಯುತ್ತದೆ. ಮೇಲಾಗಿ 18 ಆಂಪಿಯರ್ ಅವರ್‌ನ ಬ್ಯಾಟರಿಯನ್ನು ಮೇಲಿನ ಡ್ಯಾಶ್‌ಕ್ಯಾಮ್ ಲೆಕ್ಕಕ್ಕೆ ಒಡ್ಡಿ ನೋಡಿ: ಮೂರನೆಯ ದಿನಕ್ಕೆ ಪೂರ್ತಿ ಖಾಲಿ.

ಕೊಳ್ಳುವಾಗ ಬ್ರ್ಯಾಂಡಿಗಿಂತ ತಯಾರಿಯ ತಿಂಗಳನ್ನು ಗಮನಿಸುವುದು ಒಳ್ಳೆಯದು. ದೊಡ್ಡ ಅಳತೆಯ ಎಜಿಎಂ ಬ್ಯಾಟರಿಗಳು ನಮ್ಮಲ್ಲಿ ಬೇಗ ಖರ್ಚಾಗುವ ಮಾಲಲ್ಲ. ಹಡಗಿನಲ್ಲಿ ಬಂದು, ಗೋದಾಮಿನಲ್ಲಿ ಕೂತು, ಅಂಗಡಿಯ ಕಪಾಟಿಗೆ ಬರುವಷ್ಟರಲ್ಲಿ ವರ್ಷ ತುಂಬಿದವೂ ಇರುತ್ತವೆ. ಆರು ತಿಂಗಳಿಗಿಂತ ಹಳೆಯದನ್ನು ನಾನು ಮುಟ್ಟುವುದಿಲ್ಲ. ಮಲ್ಟಿಮೀಟರ್ ಹಿಡಿದುಕೊಂಡೇ ಹೋಗಿ. ತುಂಬಿದ ಎಜಿಎಂ 12.8 ವೋಲ್ಟಿನ ಆಸುಪಾಸು ತೋರಿಸಬೇಕು, 12.5ಕ್ಕಿಂತ ಕಡಿಮೆಯಿದ್ದರೆ ಬೇರೆಯದನ್ನು ತೆಗೆಸಿ. ವಾರಂಟಿಯ ತಿಂಗಳುಗಳಲ್ಲಿ ಪೂರ್ತಿ ಬದಲಾಯಿಸಿ ಕೊಡುವುದು ಎಷ್ಟು, ಬಳಸಿದ್ದಕ್ಕೆ ಹಣ ಮುರಿದುಕೊಂಡು ಕೊಡುವುದು ಎಷ್ಟು ಎಂದು ಬಿಡಿಸಿ ಕೇಳಿ. ಹಳೆಯದನ್ನು ಅಂಗಡಿಗೇ ಒಪ್ಪಿಸಿ ಬಿಲ್ಲಿನಲ್ಲಿ ಅದರ ಬೆಲೆ ಕಳೆಸಿಕೊಳ್ಳಿ.

ಆ ಸೆಡಾನಿಗೆ ಕೊನೆಗೆ ಹಾಕಿದ್ದು ಅದರಲ್ಲಿ ಮೊದಲಿದ್ದ ಅಳತೆಯ, ಮೊದಲಿದ್ದ ಸಾಮರ್ಥ್ಯದ ಎಜಿಎಂ ಬ್ಯಾಟರಿಯನ್ನೇ. ಟ್ರೇಯನ್ನು ಸೋಡಾ ಪುಡಿ ಬೆರೆಸಿದ ನೀರಿನಲ್ಲಿ ತೊಳೆದು, ಬಣ್ಣ ಹಚ್ಚಿ, ನಳಿಕೆ ಸಿಕ್ಕಿಸಿ, ರಿಜಿಸ್ಟರ್ ಮಾಡಿದೆವು. ಡ್ಯಾಶ್‌ಕ್ಯಾಮಿನ ವಯರನ್ನು ಇಗ್ನಿಷನ್ ಆಫ್ ಆದಾಗ ಸತ್ತುಹೋಗುವ ಫ್ಯೂಸಿಗೆ ಬದಲಿಸಿದೆವು. ಪಾರ್ಕಿಂಗ್ ರೆಕಾರ್ಡಿಂಗ್ ಹೋಯಿತೆಂದು ಮಾಲೀಕರು ಸ್ವಲ್ಪ ಮುಖ ಸಣ್ಣ ಮಾಡಿಕೊಂಡರು. ಕೊನೆಯಲ್ಲಿ ನಾನು ಬಿಡದೆ ಮಾಡುವ ಪರೀಕ್ಷೆ ಒಂದಿದೆ. ಡಿಕ್ಕಿ ತೆರೆದೇ ಇರಲಿ, ಸ್ಕ್ರೂಡ್ರೈವರಿನಿಂದ ಅದರ ಲಾಕಿನ ಕೊಕ್ಕೆಯನ್ನು ಒತ್ತಿ ಮುಚ್ಚಿದರೆ ಕಾರು ತನ್ನ ಡಿಕ್ಕಿ ಮುಚ್ಚಿದೆಯೆಂದು ತಿಳಿಯುತ್ತದೆ. ಬೀಗ ಹಾಕಿ, ಕೀಯನ್ನು ದೂರ ಇಟ್ಟು, ವಯರಿನ ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರನ್ನು ಋಣ ಕೇಬಲ್ಲಿಗೆ ಸಿಕ್ಕಿಸಿ ಕಾಯಬೇಕು. ಮೊದಲು ಕೆಲವು ಆಂಪಿಯರ್ ತೋರಿಸುತ್ತದೆ. ಆಮೇಲೆ ಕಂಟ್ರೋಲ್ ಯೂನಿಟ್‌ಗಳು ಒಂದೊಂದಾಗಿ ಮಲಗಿದಂತೆ ಅಂಕಿ ಮೆಟ್ಟಿಲಿಳಿಯುತ್ತದೆ. ನಲವತ್ತು ನಿಮಿಷದ ಮೇಲೆ 24 ಮಿಲಿ ಆಂಪಿಯರಿನಲ್ಲಿ ನಿಂತಿತು. ಇದನ್ನು ನೀವೇ ಮಾಡಿ ನೋಡುವುದಾದರೆ, ಮುಚ್ಚಳ ಹಾಕುವ ಮೊದಲು ಬೀಗ ತೆಗೆದು ಬಟನ್ ಒತ್ತಿ ಕೊಕ್ಕೆಯನ್ನು ಮತ್ತೆ ಬಿಡಿಸಿಕೊಳ್ಳಲು ಮರೆಯಬೇಡಿ. ನನ್ನ ಹುಡುಗನೊಬ್ಬ ಮರೆತು ಮುಚ್ಚಳ ಬಡಿದದ್ದಕ್ಕೆ ಒಂದು ಹೊಸ ಲಾಕಿನ ಬೆಲೆ ತೆತ್ತಿದ್ದೇನೆ.