ಪ್ರೊಟೆಕ್ಟರ್ ಅಂದರೆ ರೀಜೆಂಟ್ ಅಲ್ಲ

ಇಂಗ್ಲೆಂಡಿನ ಇತಿಹಾಸದ ಅನುವಾದ ಯಾವುದಾದರೂ ತಿದ್ದಲು ಬಂದರೆ ನಾನು ಮೊದಲು ಹುಡುಕುವುದು ಒಂದೇ ಪದ: ಲಾರ್ಡ್ ಪ್ರೊಟೆಕ್ಟರ್. ಅದಿರಬೇಕಾದ ಜಾಗದಲ್ಲಿ 'ರಾಜಪ್ರತಿನಿಧಿ', ಅಂದರೆ ರಾಜನ ಪರವಾಗಿ ಆಳುವ ರೀಜೆಂಟ್, ಕೂತಿರುತ್ತದೆ. ಕೆಂಪು ಪೆನ್ನಿನಲ್ಲಿ ಹೊಡೆದು ಹೊಡೆದು ಸಾಕಾಗಿದೆ. ಒಮ್ಮೆ ಬಿಡಿಸಿ ಹೇಳಿಬಿಡುತ್ತೇನೆ.

ತಪ್ಪು ಯಾಕಾಗುತ್ತದೆ ಅಂತ ನನಗೂ ಗೊತ್ತು. ರಾಜ ಚಿಕ್ಕವನು, ಬೇರೆಯವರು ಆಳುತ್ತಿದ್ದಾರೆ ಅಂದ ಕೂಡಲೇ ನಮಗೆ ರೀಜೆಂಟ್ ನೆನಪಾಗುತ್ತದೆ. ಮೈಸೂರಿನಲ್ಲಿ 1895ರಿಂದ 1902ರವರೆಗೆ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ರೀಜೆಂಟ್ ಆಗಿದ್ದರಲ್ವಾ? ಆದರೆ ಇಂಗ್ಲೆಂಡಿನಲ್ಲಿ ಪ್ರೊಟೆಕ್ಟರ್ ಎಂಬ ಬಿರುದು ಬಂದಿದ್ದೇ ಒಬ್ಬ ಮನುಷ್ಯ ರೀಜೆಂಟ್ ಆಗದಿರಲಿ ಅಂತ.

1422ರಲ್ಲಿ ಐದನೇ ಹೆನ್ರಿ ತೀರಿಕೊಂಡಾಗ ಮಗನಿಗೆ ಒಂಬತ್ತು ತಿಂಗಳು. ರಾಜನ ಕಿರಿಯ ತಮ್ಮ, ಗ್ಲಾಸ್ಟರಿನ ಡ್ಯೂಕ್ ಹಂಫ್ರಿ, ಆಡಳಿತ ತನಗೇ ಸೇರಬೇಕು ಎಂದ. ಪಾರ್ಲಿಮೆಂಟಿನ ಪ್ರಭುಗಳು ಒಪ್ಪಲಿಲ್ಲ. ಪ್ರೊಟೆಕ್ಟರ್ ಅಂತ ಮಾಡಿದರು. ಅದೂ ಅವನ ಅಣ್ಣ ಬೆಡ್‌ಫೋರ್ಡ್ ಇಂಗ್ಲೆಂಡಿನಲ್ಲಿ ಇಲ್ಲದಿದ್ದಾಗ ಮಾತ್ರ. 1428ರಲ್ಲಿ 'ನನ್ನ ಅಧಿಕಾರ ಎಷ್ಟು, ಹೇಳಿ' ಎಂದು ಅವನು ಪಟ್ಟು ಹಿಡಿದ. ಅವರು ಕೊಟ್ಟ ಉತ್ತರ ಓದಿದರೆ ಗೊಂದಲವೇ ಉಳಿಯುವುದಿಲ್ಲ. ಟ್ಯೂಟರ್, ಲೆಫ್ಟಿನೆಂಟ್, ಗವರ್ನರ್, ರೀಜೆಂಟ್ ಯಾವುದೂ ಬೇಡವೆಂದೇ ಈ ಹೆಸರು ಕೊಟ್ಟಿದ್ದು. ಹೊರಗಿನ ಶತ್ರುಗಳಿಂದ, ಒಳಗಿನ ದಂಗೆಕೋರರಿಂದ ನಾಡು ಕಾಯುವುದು ನಿನ್ನ ಕೆಲಸ. ಆಳುವುದಲ್ಲ, ಕಾಯುವುದು. ಊರಿಗೆ ಹೋಗುವಾಗ ಪಕ್ಕದ ಮನೆಯವರ ಕೈಗೆ ಬೀಗದ ಕೈ ಕೊಡುತ್ತೇವೆ. ಮನೆಯನ್ನೇ ಬಾಡಿಗೆಗೆ ಕೊಡಿ ಅನ್ನುವುದಿಲ್ಲ, ಅಲ್ವಾ?

ಹಾಗಂತ ಈ ಹೆಸರು ಹೊತ್ತವರೆಲ್ಲ ಅಷ್ಟಕ್ಕೇ ನಿಂತರು ಅಂತ ನಾನು ಹೇಳಲಾರೆ. 1483ರಲ್ಲಿ ರಿಚರ್ಡ್, ತಾನು ಕಾಯಬೇಕಿದ್ದ 12 ವರ್ಷದ ಹುಡುಗನ ಸಿಂಹಾಸನವನ್ನೇ ಏರಿದ. 1547ರಲ್ಲಿ ಸಾಮರ್‌ಸೆಟ್ಟಿನ ಡ್ಯೂಕ್ ಪಡೆದ ಅಧಿಕಾರ ರೀಜೆಂಟಿನದಕ್ಕೆ ತೀರಾ ಹತ್ತಿರ. ಅಲ್ಲಿ 'ರಾಜಪ್ರತಿನಿಧಿ' ಕಂಡರೆ ನಾನು ಜಾಸ್ತಿ ಜಗಳ ಮಾಡುವುದಿಲ್ಲ.

ಜಗಳ ಇರುವುದು ಸೇನಾನಾಯಕ ಆಲಿವರ್ ಕ್ರಾಮ್‌ವೆಲ್ ಬರುವ ಪುಟದಲ್ಲಿ. ಹೋದ ವರ್ಷ ಒಬ್ಬ ಹುಡುಗಿ ತನ್ನ ಅನುವಾದ ಹಿಡಿದು ಬಂದಿದ್ದಳು. ಸುಮ್ನೆ ಗಟ್ಟಿಯಾಗಿ ಓದಮ್ಮ ಎಂದೆ. 'ರಾಜಪ್ರತಿನಿಧಿ ಕ್ರಾಮ್‌ವೆಲ್' ಹತ್ತಿರ ಬಂದು ತಾನೇ ನಿಲ್ಲಿಸಿದಳು. "ಮೇಡಂ, ರಾಜನ ತಲೆಯನ್ನು 1649ರಲ್ಲೇ ತೆಗೆದಿದ್ದರಲ್ಲ. ಇವನು ಯಾರ ಪ್ರತಿನಿಧಿ?" ಎಷ್ಟು ಖುಷಿಯಾಯಿತು ಗೊತ್ತಾ!

1653ರ ಡಿಸೆಂಬರಿನಲ್ಲಿ ಕ್ರಾಮ್‌ವೆಲ್ ಲಾರ್ಡ್ ಪ್ರೊಟೆಕ್ಟರ್ ಆದ. ಹಳೆ ಹೆಸರೇ, ಆದರೆ ಕಾಯಲು ರಾಜನಿಲ್ಲ. 1657ರಲ್ಲಿ ಪಾರ್ಲಿಮೆಂಟೇ ಅವನಿಗೆ ಕಿರೀಟ ಕೊಡಲು ಬಂತು. ಅದು ಬರೀ ಮುಖಸ್ತುತಿ ಆಗಿರಲಿಲ್ಲ. ರಾಜ ಏನು ಮಾಡಬಹುದು, ಏನು ಮಾಡಬಾರದು ಅಂತ ಹಳೆಯ ಕಾನೂನಿನಲ್ಲಿ ಗೆರೆ ಇತ್ತು. ಪ್ರೊಟೆಕ್ಟರಿಗೆ ಅಂಥ ಗೆರೆ ಇರಲಿಲ್ಲ. ರಾಜನನ್ನಾಗಿ ಮಾಡಿದರೆ ಅವನಿಗೆ ಕಡಿವಾಣ ಬೀಳುತ್ತದೆ ಎಂಬುದು ವಕೀಲರ ಲೆಕ್ಕ. ಸೈನ್ಯದ ಹಿರಿಯರು ಕಿರೀಟಕ್ಕೆ ಕಡು ವಿರೋಧಿಗಳು. ಅವನು ಬೇಡವೆಂದ. ಜೂನ್ 26ರಂದು ವೆಸ್ಟ್‌ಮಿನ್‌ಸ್ಟರ್ ಹಾಲಿಗೆ ಪಟ್ಟಾಭಿಷೇಕದ ಕುರ್ಚಿ ತರಿಸಿದರು. ಮೈಮೇಲೆ ನೇರಳೆ ನಿಲುವಂಗಿ, ಕೈಯಲ್ಲಿ ರಾಜದಂಡ. ಕಿರೀಟ ಒಂದಿರಲಿಲ್ಲ.

ಅವನ ಸಹಿ ನೋಡಿ. ರಾಜರು ಹೆಸರಿನ ಪಕ್ಕ ರೆಕ್ಸ್, ಅಂದರೆ ರಾಜ, ಎನ್ನಲು 'ಆರ್' ಹಾಕುತ್ತಿದ್ದರು. ಇವನು ಹಾಕಿದ್ದು 'ಆಲಿವರ್ ಪಿ'. ಆ 'ಪಿ'ಯನ್ನು ಕನ್ನಡದಲ್ಲೂ ಪ್ರೊಟೆಕ್ಟರ್ ಅಂತಲೇ ಬಿಡಿ. ಮೊದಲ ಸಲ ಬಂದಲ್ಲಿ ಒಂದು ಸಾಲಿನ ವಿವರಣೆ ಕೊಡಿ, ಪುಟ ಯಾವ ಶತಮಾನದ್ದು ಅಂತ ನೋಡಿಕೊಂಡು.