ಸುಂಕದವನು ಬರುವ ಮೊದಲೇ ಬಂದ ಬೆಳ್ಳಿ

ಇಂದಿನ ಲೆಬನಾನಿನ ಕರಾವಳಿಯ ಪುರಾತನ ಕಡಲ ವ್ಯಾಪಾರಿಗಳಾದ ಫಿನೀಷಿಯನ್ನರ ಮಾತು ಬಂದರೆ ಒಂದು ಕಥೆ ತಪ್ಪದೆ ಕಿವಿಗೆ ಬೀಳುತ್ತದೆ. ಇಂದಿನ ಇರಾಕಿನ ಕಡೆಯ ಅಸ್ಸೀರಿಯಾ ಸಾಮ್ರಾಜ್ಯದ ದೊರೆಗಳು ಬೆಳ್ಳಿ ಕೊಡಿ, ಬಂಗಾರ ಕೊಡಿ ಎಂದು ಕತ್ತಿನ ಮೇಲೆ ಕೂತರಂತೆ. ಕಪ್ಪ ಹೊಂದಿಸಲಾಗದೆ ಟೈರ್, ಸೀದೋನ್ ನಗರಗಳ ವರ್ತಕರು ಹಡಗು ಹತ್ತಿ ಬೆಳ್ಳಿ ಹುಡುಕುತ್ತ ಸ್ಪೇನ್‌ವರೆಗೂ ಹೋದರಂತೆ. ಕೇಳಲು ಸೊಗಸಾಗಿದೆ, ಲೆಕ್ಕ ಮಾತ್ರ ಕೂಡುವುದಿಲ್ಲ. ಹಾಗೆ ಸಾಕ್ಷಿ ಹೇಳುತ್ತಿರುವುದು ಬೆಳ್ಳಿಯೊಳಗೇ ಉಳಿದುಕೊಂಡ ಚೂರು ಸೀಸ.

ಇಸ್ರೇಲ್ ಕರಾವಳಿಯ ದೋರ್ ಎಂಬಲ್ಲಿ ಅಗೆಯುವಾಗ ಒಂದು ಮಣ್ಣಿನ ಹೂಜಿ ಸಿಕ್ಕಿತ್ತು. ಒಳಗೆ ಸುಮಾರು 8.5 ಕೆ.ಜಿ. ಬೆಳ್ಳಿ. ನಾಣ್ಯ ಇನ್ನೂ ಹುಟ್ಟಿರದ ಕಾಲ. ಇದ್ದದ್ದೆಲ್ಲ ಕತ್ತರಿಸಿದ ಚೂರುಗಳು. ನಾರುಬಟ್ಟೆಯಲ್ಲಿ ಗಂಟು ಕಟ್ಟಿ ಮುದ್ರೆ ಒತ್ತಿದ್ದರು. ತೂಗಿ ಕೊಡುವ ದುಡ್ಡು.

ಆ ಕಾಲದ ಬೆಳ್ಳಿ ಹೆಚ್ಚಾಗಿ ಬರುತ್ತಿದ್ದದ್ದು ಸೀಸದ ಅದಿರಿನಿಂದ. ಕಾಸಿ ಗಾಳಿ ಊದಿದರೆ ಸೀಸ ಬೂದಿಯಾಗಿ ಬೇರೆಯಾಗುತ್ತದೆ. ಆದರೆ ಎಷ್ಟು ಪುಟ ಕೊಟ್ಟರೂ ಒಂದಿಷ್ಟು ಬೆಳ್ಳಿಯಲ್ಲೇ ಉಳಿಯುತ್ತದೆ. ಈ ಸೀಸಕ್ಕೆ ನಾಲ್ಕು ಸ್ಥಿರ ಐಸೊಟೋಪ್‌ಗಳು, ಅಂದರೆ ಪರಮಾಣುವಿನ ತೂಕದಲ್ಲಷ್ಟೇ ಬೇರೆಯಾದ ರೂಪಗಳು: 204, 206, 207, 208. ಮೊದಲನೆಯದು ಭೂಮಿ ಹುಟ್ಟಿದಾಗ ಇದ್ದಷ್ಟೇ. ಉಳಿದ ಮೂರು ಯುರೇನಿಯಂ, ಥೋರಿಯಂ ಕ್ಷಯಿಸಿದಂತೆಲ್ಲ ಏರುತ್ತ ಹೋಗುತ್ತವೆ, ಒಂದೊಂದೂ ತನ್ನದೇ ವೇಗದಲ್ಲಿ. ಯುರೇನಿಯಂ-238 ಅರ್ಧಕ್ಕೆ ಇಳಿಯಲು ಸುಮಾರು 447 ಕೋಟಿ ವರ್ಷ ಬೇಕು, ಯುರೇನಿಯಂ-235ಕ್ಕೆ 70 ಕೋಟಿ ಸಾಕು. ಅದಿರು ಕಟ್ಟಿಕೊಂಡಾಗ ಸೀಸ ಇವುಗಳಿಂದ ಬೇರೆಯಾಗುತ್ತದೆ. ಅಣ್ಣತಮ್ಮಂದಿರು ಪಾಲಾದ ದಿನ ಕಣಜದಲ್ಲಿ ಎಷ್ಟಿತ್ತೋ ಅಷ್ಟೇ ಪಾಲು. ಆಮೇಲೆ ಹಳೇ ಮನೆಯಿಂದ ಒಂದು ಕಾಳೂ ಬರುವುದಿಲ್ಲ. ಆ ಪ್ರಮಾಣವೇ ಗಣಿಯ ಗುರುತು.

ಕುಲುಮೆಯ ಬೆಂಕಿಗೂ ಇದು ಅಳಿಯುವುದಿಲ್ಲ. ರಸಾಯನದ ಕಣ್ಣಿಗೆ ಈ ನಾಲ್ಕೂ ತದ್ರೂಪಿಗಳು, ಬೆಂಕಿ ಯಾರನ್ನೂ ಆರಿಸಿ ಸುಡಲಾರದು. ಡಬ್ಬದ ಹುರಿಹಿಟ್ಟಿನಲ್ಲಿ ಚಿಟಿಕೆ ತೆಗೆದರೂ ಸೇರು ತೆಗೆದರೂ ರಾಗಿ, ಕಡಲೆಯ ಪಾಲು ಒಂದೇ ಇರುವುದಿಲ್ಲವೇ? ಎರಡು ಗಣಿಯ ಬೆಳ್ಳಿ ಬೆರೆಸಿ ಕರಗಿಸಿದ್ದರೆ ಡಿಕಾಕ್ಷನ್‌ಗೆ ಹಾಲು ಸುರಿದ ಹಾಗೆ, ಬಣ್ಣ ನಡುವೆಲ್ಲೋ ನಿಲ್ಲುತ್ತದೆ. (ಉಪಮೆ ಅತಿಯಾಯಿತು, ಗೊತ್ತು. ಈ ಸೀಸದ ವಿಷಯ ಬಂದರೆ ನನಗೆ ತಡೆಯಲಾಗುವುದಿಲ್ಲ.)

2019ರಲ್ಲಿ ಪ್ರಕಟವಾದ ಅಧ್ಯಯನವೊಂದು ಇಂಥ ಹಲವು ನಿಧಿಗಳನ್ನು ಹೀಗೆ ಪರೀಕ್ಷಿಸಿತು. ಕ್ರಿ.ಪೂ. 10ನೇ ಶತಮಾನದ ಬೆಳ್ಳಿಯಲ್ಲೇ ಅನಟೋಲಿಯಾದ (ಇಂದಿನ ಟರ್ಕಿ) ಜೊತೆಗೆ ಇಟಲಿಯ ಪಶ್ಚಿಮದ ದ್ವೀಪ ಸಾರ್ಡೀನಿಯಾದ ಗುರುತು ಸಿಕ್ಕಿತು. ಸಾರ್ಡೀನಿಯಾದಿಂದ ಲೆಬನಾನಿನ ದಡಕ್ಕೆ ಎರಡು ಸಾವಿರ ಕಿ.ಮೀ.ಗೂ ಹೆಚ್ಚು ದೂರ! 9ನೇ ಶತಮಾನಕ್ಕೆ ಸ್ಪೇನಿನ ಬೆಳ್ಳಿಯೂ ಬಂತು.

ಅಸ್ಸೀರಿಯಾ ಆಗ ಎಲ್ಲಿತ್ತು? ಅದರ ದೊರೆ ಎರಡನೇ ಅಶ್ಶೂರ್‌ನಸಿರ್ಪಾಲ್ ಈ ದಡಕ್ಕೆ ಬಂದು ಸಮುದ್ರದಲ್ಲಿ ಆಯುಧ ತೊಳೆದು ಕಪ್ಪ ಒಯ್ದದ್ದು 9ನೇ ಶತಮಾನದಲ್ಲಿ. ನಿಜವಾದ ಬಿಗಿ ಹಿಡಿತ ಶುರುವಾದದ್ದು ಕ್ರಿ.ಪೂ. 745ರಲ್ಲಿ ಪಟ್ಟಕ್ಕೆ ಬಂದ ಮೂರನೇ ತಿಗ್ಲತ್ ಪಿಲೆಸರ್‌ನಿಂದ. ಟೈರಿನ ದೊರೆ ಎರಡನೇ ಮತ್ತಾನ್ ಇವನಿಗೆ 150 ತಲಾಂತು ಬಂಗಾರ ತೆತ್ತ. ತಲಾಂತಿಗೆ ಸುಮಾರು 30 ಕೆ.ಜಿ.ಯಂತೆ ನಾಲ್ಕೂವರೆ ಟನ್. ಹಡಗಿನ ದಾರಿ ಆಗಲೇ ಹಳೆಯದಾಗಿತ್ತು. ಸುಂಕದಕಟ್ಟೆ ಬಂದದ್ದು ಆಮೇಲೆ.

ಕಟ್ಟೆಯ ಕಾರುಬಾರು ಹೇಗಿತ್ತೆಂದು ಅಸ್ಸೀರಿಯಾದ ಹಳೆಯ ರಾಜಧಾನಿ ನಿಮ್ರೂದ್‌ನಲ್ಲಿ ಸಿಕ್ಕ ಜೇಡಿಮಣ್ಣಿನ ಪತ್ರವೊಂದರಲ್ಲಿದೆ. ಕುರ್ದಿ-ಅಶ್ಶೂರ್-ಲಾಮುರ್ ಎಂಬ ಅಧಿಕಾರಿ ದೊರೆಗೆ ಬರೆದದ್ದು. ಟೈರಿನವರು ಬೆಟ್ಟ ಹತ್ತಿ ಮರ ಕಡಿದು ತರಲಿ, ಬಂದರಿನಲ್ಲಿ ವ್ಯಾಪಾರ ಮಾಡಲಿ, ಅಡ್ಡಿಯಿಲ್ಲ. ಇಳಿಸಿದ ಮರಕ್ಕೆ ಸುಂಕ ಕಟ್ಟಬೇಕು, ಈಜಿಪ್ಟಿನವರಿಗೆ ಮಾರಕೂಡದು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲ ಎಂದು ಸೀದೋನಿನವರಿಗೂ ಗೊತ್ತಿತ್ತೇನೋ, ಅವನನ್ನೇ ಓಡಿಸಿಬಿಟ್ಟರು. ಅಧಿಕಾರಿ ಬೆಟ್ಟಕ್ಕೆ ಸೈನಿಕರನ್ನು ಬಿಟ್ಟು ಹೆದರಿಸಿದ. ಸುಂಕದವನು ಮತ್ತೆ ಊರೊಳಗೆ ಬಂದ.

ಸೀದೋನ್ ಮತ್ತೆ ತಿರುಗಿಬಿದ್ದಾಗ ಅಸ್ಸೀರಿಯಾದ ಚಕ್ರವರ್ತಿ ಏಸರ್ಹದ್ದೋನ್ ಕ್ರಿ.ಪೂ. 677ರ ಸುಮಾರಿಗೆ ಊರನ್ನೇ ನೆಲಸಮ ಮಾಡಿ, ಅದರ ದೊರೆಯ ತಲೆ ತೆಗೆಸಿದ. ಟೈರಿನ ದೊರೆ ಬಾಲ್ ಜೊತೆ ಒಪ್ಪಂದ ಮಾಡಿಕೊಂಡ. ಅದರಲ್ಲಿ ಒಡೆದ ಹಡಗಿಗೂ ಒಂದು ಕಲಮು ಇದೆ: ಟೈರಿನ ಹಡಗು ಅಸ್ಸೀರಿಯಾದ ದಡದಲ್ಲಿ ಒಡೆದರೆ ಸರಕೆಲ್ಲ ಚಕ್ರವರ್ತಿಗೆ. ಹಡಗಿನಲ್ಲಿದ್ದವರ ಮೈ ಮುಟ್ಟಕೂಡದು, ಅವರವರ ಊರಿಗೆ ಕಳಿಸಬೇಕು.